ಮರ್ಯಾದೆಯ ಕಾಯಿಲೆ

ರಜೆ ಇಲ್ಲದ ಹೊತ್ತಿನಲ್ಲಿ ಗೋಪಾಲಪ್ಪ ಮನೆಗೆ ಬಂದ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಕಾರ್ತೀಕ ಮಾಸ. ದೊಡ್ಡಬಳ್ಳಾಪುರದಲ್ಲಿ ರೈಲು ಇಳಿದು, ಬೆಳವಂಗಲದ ಕಡೆ ಹೊರಟಿದ್ದ ಯಾರದೋ ಎತ್ತಿನ ಗಾಡಿ ಹತ್ತಿ, ಟ್ರಂಕು ಹಾಸಿಗೆ ಸಮೇತ ಬಂದು ಜಗಲಿಯ ಮೇಲೆ ಕೂತುಬಿಟ್ಟ. ಬೆಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಎರಡನೆಯ ವರ್ಷ ಓದುತ್ತಿದ್ದ ಹುಡುಗ. ಸುತ್ತಲಿನ ಹಳ್ಳಿಗಳ ಒಕ್ಕಲು ಮಕ್ಕಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ಅವನೇ. ಈ ವಿಷಯವನ್ನು ಅವನ ಅಪ್ಪ ಅಪ್ಪಯ್ಯಣ್ಣ ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ತಾಯಿ ಗಂಗಲಕ್ಷ್ಮಮ್ಮ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು.

“ಏನಪ್ಪಾ, ಕಾಲೇಜು ಮುಚ್ಚವ್ರಾ?”

“ಇಲ್ಲ.”

“ಜ್ವರ ಗಿರ ಏನಾರ ಬಂತಾ?”

“ಇಲ್ಲಮ್ಮ.”

“ಮತ್ತೆ?”

ಗೋಪಾಲಪ್ಪ ಜಗಲಿಯಿಂದ ಎದ್ದ. ಕಾಲು ತೊಳೆಯಲು ಕೊಟ್ಟ ಚೊಂಬನ್ನು ಹಿಡಿದುಕೊಂಡು ಹಾಗೇ ನಿಂತಿದ್ದ. ಕೊನೆಗೆ ತಂಗಿ ಅಂಜಿನಮ್ಮ ಚೊಂಬು ಇಸಿದುಕೊಂಡು ತಾನೇ ಅವನ ಕಾಲಿನ ಮೇಲೆ ನೀರು ಹುಯ್ದಳು.

ಅಂದು ಊಟಕ್ಕೆ ಎಲ್ಲರೂ ಸಾಲಾಗಿ ಕೂತರು. ಅಪ್ಪ, ಚಿಕ್ಕಪ್ಪ ಪಿಳ್ಳಪ್ಪ, ಒಂದು ಪಕ್ಕಕ್ಕೆ ಅಜ್ಜಿ ಮುತ್ಯಾಲಮ್ಮ. ಪಿಳ್ಳಪ್ಪ ಹೆಂಡತಿ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲೇ ಉಂಡುಕೊಂಡು ಹೊಲ ನೋಡಿಕೊಳ್ಳುತ್ತಿದ್ದವನು, ಬಾಯಿ ಸ್ವಲ್ಪ ಸಡಿಲ. ಗೋಪಾಲಪ್ಪ ಮುದ್ದೆಯ ಮುಂದೆ ಕೂತಿದ್ದನೇ ಹೊರತು ಮುರಿಯಲಿಲ್ಲ.

“ಯಾಕ್ಲಾ, ಬೆಂಗಳೂರಲ್ಲಿ ಅನ್ನ ತಿಂದು ತಿಂದು ಮುದ್ದೆ ಮರೆತೋಯ್ತಾ?” ಎಂದ ಪಿಳ್ಳಪ್ಪ. “ಅಲ್ಲೂ ರೇಷನ್ನಂತೆ. ಯಾವ ಅನ್ನ ಇಟ್ಟಿದ್ರು ನಿಂಗೆ?”

ಹುಡುಗನ ಕಣ್ಣಿಂದ ನೀರು ಇಳಿಯಿತು. ಸದ್ದಿಲ್ಲ, ಬಿಕ್ಕಿಲ್ಲ, ಸುಮ್ಮನೆ ಇಳಿಯಿತು. ಪಿಳ್ಳಪ್ಪ ತುತ್ತನ್ನು ಅರ್ಧಕ್ಕೇ ನಿಲ್ಲಿಸಿ, “ಅಯ್ಯೋ, ತಮಾಷೆಗಂದೆ ಕಣೋ” ಎಂದ. ಅಪ್ಪಯ್ಯಣ್ಣ ತಲೆ ಎತ್ತಲಿಲ್ಲ.

ಹೀಗೆ ವಾರಗಳು ಕಳೆದವು. ಗೋಪಾಲಪ್ಪ ನಡುಮನೆಯಲ್ಲಿ ರಾಗಿ ತುಂಬುವ ವಾಡೆಯ ಪಕ್ಕ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಏಳು ಎಂದರೆ ಏಳುತ್ತಿದ್ದ, ಸ್ನಾನ ಮಾಡು ಎಂದರೆ ಬಚ್ಚಲಿಗೆ ಹೋಗಿ ನೀರು ಆರುವವರೆಗೆ ಕೂತು ವಾಪಸ್ ಬರುತ್ತಿದ್ದ. ಪುಸ್ತಕದ ಟ್ರಂಕಿನ ಚಿಲಕ ತೆಗೆಯಲಿಲ್ಲ. ಅಪ್ಪಯ್ಯಣ್ಣ ಮೊದಲು ಬೈದ, ಆಮೇಲೆ ಪೂಸಿ ಹೊಡೆದ, ಮತ್ತೆ ಬೈದ.

“ಯಾರಾದ್ರೂ ಹೊಡದ್ರಾ? ಮೇಷ್ಟ್ರು ಏನಾರ ಅಂದ್ರಾ? ಪರೀಕ್ಷೆ ತೋಪಾಯ್ತಾ? ಹೇಳು ಮತ್ತೆ!”

“ಏನೂ ಆಗಿಲ್ಲ ಅಪ್ಪ.”

“ಏನೂ ಆಗ್ದೆ ಹಿಂಗ್ ಬಿದ್ಕೊಂಡಿದ್ದೀಯಾ?”

ಮನೆಯವರಿಗೆಲ್ಲ ಸಿಟ್ಟು ತರಿಸುತ್ತಿದ್ದುದು ಈ ಮಾತೇ. ಏನಾದರೂ ಆಗಿದ್ದರೆ ಹೋಗಿ ಜಗಳವಾಡಬಹುದಿತ್ತು, ಯಾರ ಕಾಲಾದರೂ ಹಿಡಿಯಬಹುದಿತ್ತು. ಏನೂ ಆಗಿಲ್ಲ ಎಂದರೆ ಮನುಷ್ಯ ಎಲ್ಲಿಗೆ ಹೋಗಬೇಕು?

ದಾರಿ ಹುಡುಕಿದವಳು ಗಂಗಲಕ್ಷ್ಮಮ್ಮ. ಒಂದು ಬೆಳಿಗ್ಗೆ ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದವಳು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಒಳಗೆ ಬಂದು ಗಂಡನ ಮುಂದೆ ನಿಂತಳು.

“ನಂಗೆ ಗೊತ್ತಾಯ್ತು. ಮಗೀಗೆ ಮದ್ದು ಹಾಕವ್ರೆ.”

ಊಟದಲ್ಲಿ ಮದ್ದು ಕಲಸಿ ಕೊಡುವುದು, ಅದು ಹೊಟ್ಟೆಯಲ್ಲಿ ಅಂಟಿಕೊಂಡು ಅನ್ನ ಸೇರದೆ ನಿದ್ದೆ ಬಾರದೆ ಮನುಷ್ಯ ಸೊರಗುವುದು ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಕೈವಶ ಮಾಡಿಕೊಳ್ಳಲು ಹಾಕುತ್ತಾರೆ, ಹೊಟ್ಟೆಕಿಚ್ಚಿಗೂ ಹಾಕುತ್ತಾರೆ. ಹಾಕಿದವರು ಯಾರು ಎಂಬ ಪ್ರಶ್ನೆಗೆ ಗಂಗಲಕ್ಷ್ಮಮ್ಮನ ಬಳಿ ಉತ್ತರ ಸಿದ್ಧವಾಗಿತ್ತು. ಗೋಪಾಲಪ್ಪ ಒಂದೂವರೆ ವರ್ಷ ಉಂಡದ್ದು ಯಶವಂತಪುರದ ಹತ್ತಿರ ಇದ್ದ ಸೋದರತ್ತೆಯ ಮನೆಯಲ್ಲಿ. ಅಕ್ಕಯಮ್ಮ ಅಪ್ಪಯ್ಯಣ್ಣನ ಒಡಹುಟ್ಟಿದ ಅಕ್ಕ. ಗಂಡ ಸತ್ತ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಹಾಲು ಹಾಕಿ ಬದುಕುತ್ತಿದ್ದಳು. ಮದುವೆಗೆ ಬಂದ ಮಗಳೊಬ್ಬಳಿದ್ದಳು. ತಮ್ಮನ ಮಗನಿಗೇ ಮಗಳನ್ನು ಕೊಡಬೇಕೆಂಬ ಆಸೆಯನ್ನು ಅವಳು ಯಾವತ್ತೂ ಮುಚ್ಚಿಟ್ಟಿರಲಿಲ್ಲ. ಗಂಗಲಕ್ಷ್ಮಮ್ಮನಿಗೆ ತನ್ನ ಅಣ್ಣನ ಮಗಳನ್ನು ತರುವ ಆಸೆ. ಇಷ್ಟು ಸಾಕಲ್ಲ?

“ಬಾಯಿ ಮುಚ್ಚೇ!” ಎಂದು ಒಲೆ ಮುಂದಿನಿಂದ ಮುತ್ಯಾಲಮ್ಮ ಕೂಗಿದಳು. “ನನ್ ಮಗಳು ಅನ್ನ ಇಟ್ಟವಳು, ಮದ್ದು ಇಟ್ಟವಳಲ್ಲ.”

“ನಿಮ್ ಮಗಳಲ್ವಾ, ನೀವು ಹಂಗೇ ಅಂತೀರ. ಸೊರಗ್ತಾ ಇರೋನು ನನ್ ಮಗ.”

“ನಂಗೆ ಮೊಮ್ಮಗ ಅಲ್ವೇನೇ?”

ಅಪ್ಪಯ್ಯಣ್ಣ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಘಾಟಿಯ ಆಚೆ ಒಂದು ಹಳ್ಳಿಯಲ್ಲಿ ದೊಡ್ಡಬೀರಪ್ಪ ಎಂಬ ಮದ್ದು ತೆಗೆಯುವವನಿದ್ದ. ಅವನನ್ನು ಕರೆಸಿದರು. ಒಂದು ಬಟ್ಟಲು ಹಾಲಿಗೆ ಗೋಪಾಲಪ್ಪನ ಕೈ ಮುಟ್ಟಿಸಿ, ಯಾವುದೋ ಸೊಪ್ಪಿನ ರಸ ಹಿಂಡಿದ. ಹಾಲು ಒಡೆದುಹೋಯಿತು. “ನೋಡ್ಕಳಿ” ಎಂದ. ಪಿಳ್ಳಪ್ಪ ಮುಟ್ಟಿದ ಹಾಲಿಗೆ ಹಿಂಡಿದ್ದರೂ ಒಡೆಯುತ್ತಿತ್ತೋ ಏನೋ, ಆದರೆ ಹಾಗೆ ಹಿಂಡಿ ನೋಡಿ ಎಂದು ಯಾರೂ ಹೇಳಲಿಲ್ಲ. ಮರುದಿನದಿಂದ ಬೆಳಗಿನ ಬರಿಹೊಟ್ಟೆಗೆ ಕಷಾಯ. ಹುಡುಗ ಹಿತ್ತಲಿನ ಕಲ್ಲು ಹಿಡಿದುಕೊಂಡು ಕರುಳು ಬಾಯಿಗೆ ಬರುವಂತೆ ಕಾರಿಕೊಂಡ. ಕೊನೆಯ ದಿನ ದೊಡ್ಡಬೀರಪ್ಪ ಬಾಳೆಲೆಯ ಮೇಲೆ ಕಪ್ಪನೆಯ ಗಂಟೊಂದನ್ನು ತೋರಿಸಿದ. ಬೀದಿಯ ಹೆಂಗಸರೆಲ್ಲ ಬಂದು ನೋಡಿಕೊಂಡು ಹೋದರು.

“ಅತ್ತೆ ಕೈಯೂಟವಂತೆ” ಎಂಬ ಮಾತು ಸಂಜೆಯೊಳಗೆ ಬಾವಿಯ ಕಟ್ಟೆಯವರೆಗೆ ಹೋಗಿತ್ತು.

ಗಂಟು ಬಿದ್ದರೂ ಹುಡುಗ ಏಳಲಿಲ್ಲ. ಇನ್ನೂ ಬೇರು ಉಳಿದಿದೆ, ಉಪ್ಪು ಹುಳಿ ಕೊಡಬೇಡಿ, ಅವರೆಕಾಯಿ ಮುಟ್ಟಿಸಬೇಡಿ ಎಂದು ಹೇಳಿ ದೊಡ್ಡಬೀರಪ್ಪ ಹೋದ. ಮನೆಯಲ್ಲಿ ಮಾತ್ರ ಒಲೆ ಎರಡಾಯಿತು. ಮುತ್ಯಾಲಮ್ಮ ಸೊಸೆಯ ಕೈಯಲ್ಲಿ ಉಣ್ಣುವುದನ್ನು ಬಿಟ್ಟು, ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ತನಗೊಂದು ಹಿಡಿ ಮುದ್ದೆ ತೊಳಸಿಕೊಳ್ಳತೊಡಗಿದಳು. ಅಂಜಿನಮ್ಮ ಎರಡು ಒಲೆಗೂ ಸೌದೆ ಹೊರುತ್ತಿದ್ದಳು. ಹೊಗೆಯಲ್ಲಿ ಕೆಮ್ಮುತ್ತ ಕೂತ ಮುದುಕಿಯನ್ನು ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯಬೇಕು. ಗಂಗಲಕ್ಷ್ಮಮ್ಮನಿಗೂ ಉರಿಯುತ್ತಿತ್ತು, ಆದರೆ ಸೋಲುವುದು ಹೇಗೆ?

ಕಣದಲ್ಲಿ ರಾಗಿ ಮೆದೆ ಒಟ್ಟುವಾಗ ಪಿಳ್ಳಪ್ಪ ಅಣ್ಣನನ್ನು ಕೇಳಿದ.

“ಅಣ್ಣ, ಅಕ್ಕ ಅಂಥವಳಲ್ಲ. ನಿಂಗೂ ಗೊತ್ತು.”

“ಗೊತ್ತು.”

“ಗೊತ್ತಿದ್ದೂ ಸುಮ್ನಿದ್ದೀಯಲ್ಲ?”

ಅಪ್ಪಯ್ಯಣ್ಣ ಕೈಲಿದ್ದ ಹೊರೆ ಕೆಳಗೆ ಹಾಕಿದ.

“ಮುನಿರಾಮಯ್ಯ ನೆಲಮಂಗಲದ ಕಡೆಯಿಂದ ಅಂಜಿನಿಗೆ ಸಂಬಂಧ ತಂದವ್ನೆ. ಹುಡುಗನಿಗೆ ಮದ್ದು ಹಾಕವ್ರೆ ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ತಲೆ ಸರಿಯಿಲ್ಲ ಅಂದ್ರೆ? ಅಣ್ಣಂಗೆ ಹಿಂಗೆ, ನಾಳೆ ತಂಗಿಗೆ ಹೆಂಗೋ ಅಂತಾರೆ. ಬೆಂಗಳೂರಿನ ಹುಚ್ಚಾಸ್ಪತ್ರೆ ಹೆಸರು ಎತ್ತುತಾರೆ. ಆಮೇಲೆ ಈ ಮನೆ ಹೊಸಿಲು ಯಾರು ದಾಟ್ತಾರೆ ಹೇಳು.”

“ಅದಕ್ಕೆ ಅಕ್ಕನ್ನ ಬಲಿ ಕೊಡಾದಾ?”

“ಅಕ್ಕ ಅಷ್ಟು ದೂರದಲ್ಲವ್ಳೆ. ಅವಳ ಕಿವಿಗೆ ಯಾಕೆ ಬೀಳುತ್ತೆ?”

ಪಿಳ್ಳಪ್ಪ ಬಿದ್ದ ಹೊರೆ ಎತ್ತಿ ಮೆದೆಯ ಮೇಲೆ ಹಾಕಿದ. ಮದ್ದು ಮರ್ಯಾದೆಯ ಕಾಯಿಲೆ. ಅದರಲ್ಲಿ ತಪ್ಪು ಬೇರೆಯವರದು. ಈ ಲೆಕ್ಕಾಚಾರ ಅಪ್ಪಯ್ಯಣ್ಣನೊಬ್ಬನದೇ ಏನಲ್ಲ, ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು. ಆದರೂ ಈ ಕತೆ ಹೇಳುತ್ತಿರುವ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ.

ಪುಷ್ಯ ಬಂತು, ಅವರೆ ಸೊಗಡು ಊರೆಲ್ಲ ತುಂಬಿತು. ಜಗಲಿಯ ಮೇಲೆ ಅಂಜಿನಮ್ಮ ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಗೋಪಾಲಪ್ಪ ಎದ್ದು ಬಂದು, ಕೇಳದೆಯೇ ಪಕ್ಕದಲ್ಲಿ ಕೂತು ಒಂದೊಂದೇ ಕಾಳು ಹಿಸುಕತೊಡಗಿದ. ಇಬ್ಬರ ನಡುವೆ ಸಿಪ್ಪೆ ಗುಡ್ಡೆಯಾಯಿತು.

“ಅಣ್ಣ, ಅತ್ತೆ ನಿಜವಾಗ್ಲೂ ಮದ್ದು ಹಾಕಿದ್ಲಾ?”

“ಹಾಕಿದ್ರೆ ಚೆನ್ನಾಗಿರ್ತಿತ್ತು.”

“ಅದ್ಯಾಕಣ್ಣ?”

“ತೆಗೀಬೋದಿತ್ತಲ್ಲ.”

ಅಂಜಿನಮ್ಮನ ಕೈ ನಿಂತಿತು. “ಹಂಗಾದ್ರೆ ಅಪ್ಪನಿಗೆ ಹೇಳು. ಅಜ್ಜಿ ಹಿತ್ತಲಲ್ಲಿ ಸಾಯ್ತಾ ಅವಳೆ.”

“ಹೇಳ್ತೀನಿ.”

“ಯಾವಾಗ?”

ಅವನು ಮತ್ತೊಂದು ಕಾಳು ಹಿಸುಕಿದ. ಮದ್ದು ಎಂದು ಹೆಸರಿಟ್ಟ ದಿನದಿಂದ ಅವನನ್ನು ಯಾರೂ “ಏನಾಯ್ತು” ಎಂದು ಕೇಳುತ್ತಿರಲಿಲ್ಲ. ಅಪ್ಪ ಬೈಯುತ್ತಿರಲಿಲ್ಲ. ಆ ನೆಮ್ಮದಿ ಅವನಿಗೆ ಬೇಕಿತ್ತು. ಅದು ಯಾರ ಹೆಸರಿನ ಮೇಲೆ ಸಿಕ್ಕಿದ ನೆಮ್ಮದಿ ಎಂಬುದೂ ಗೊತ್ತಿತ್ತು.

ಕಿವಿಗೆ ಬೀಳುವುದಿಲ್ಲ ಎಂದುಕೊಂಡದ್ದು ಬಿದ್ದೇಬಿಟ್ಟಿತು. ದೊಡ್ಡಬಳ್ಳಾಪುರದ ಸೀರೆ ಹೊತ್ತು ಬೆಂಗಳೂರಿಗೆ ಹೋಗುತ್ತಿದ್ದ ಯಾರೋ ಯಶವಂತಪುರದಲ್ಲಿ ಹೇಳಿದರು. ಮರುದಿನವೇ ಅಕ್ಕಯಮ್ಮ ಬೆಳಗಿನ ರೈಲಿಗೆ ಹೊರಟು ಬಂದಳು. ತವರಿಗೆ ಬರಿಗೈಯಲ್ಲಿ ಬರಬಾರದೆಂದು ಒಂದು ಚಿಪ್ಪು ಬಾಳೆಹಣ್ಣು ತಂದಿದ್ದಳು.

ಗಂಗಲಕ್ಷ್ಮಮ್ಮ ಬಾಗಿಲಲ್ಲೇ ನಿಂತಳು. ಕಾಲಿಗೆ ನೀರು ಕೊಡಲಿಲ್ಲ, ಹಣ್ಣನ್ನು ಮುಟ್ಟಲಿಲ್ಲ.

“ಯಾಕವ್ವ, ನನ್ ನೆರಳಲ್ಲೂ ಮದ್ದೈತಾ?” ಎಂದು ಅಕ್ಕಯಮ್ಮ ಅವಳನ್ನು ಸರಿಸಿಕೊಂಡು ನಡುಮನೆಗೆ ಬಂದಳು. ಹಿತ್ತಲಿಂದ ತಾಯಿ ಬಂದಳು, ಕಣದಿಂದ ತಮ್ಮಂದಿರು ಬಂದರು.

“ಅಪ್ಪಯ್ಯ, ನೀನು ಹೇಳು. ನಿನ್ ಮಗನಿಗೆ ನಾನು ಏನು ಇಟ್ಟೆ?”

ಅಪ್ಪಯ್ಯಣ್ಣ ಕಂಬ ನೋಡುತ್ತ ನಿಂತ.

“ಅವರನ್ಯಾಕೆ ಕೇಳ್ತೀರಿ ಅತ್ತಿಗೆ, ನನ್ನ ಕೇಳಿ,” ಎಂದಳು ಗಂಗಲಕ್ಷ್ಮಮ್ಮ. “ಕಲ್ಲಿನಂಗಿದ್ದ ಮಗನ್ನ ಕಳಿಸ್ದೆ. ನೀವು ಕಡ್ಡಿ ಮಾಡಿ ವಾಪಸ್ ಕಳಿಸಿದ್ರಿ. ಏನ್ಮಾಡಿದ್ರಿ ಅಂತ ನೀವೇ ಹೇಳ್ಬೇಕು.”

ಅಕ್ಕಯಮ್ಮನಿಗೆ ಹೇಳಲು ಇತ್ತು, ಆದರೆ ಹೇಳುವುದಿಲ್ಲ ಎಂದು ಒಬ್ಬರಿಗೆ ಮಾತು ಕೊಟ್ಟಿದ್ದಳು. “ನಾನು ಏನೂ ಮಾಡಿಲ್ಲ” ಎಂದಷ್ಟೇ ಅಂದಳು.

“ಮಾಡಿಲ್ದೆ ಇದ್ರೆ ದೀಪ ಆರಿಸಿ ಆಣೆ ಇಡಿ. ಮಗಳ ತಲೆ ಮೇಲೆ ಇಡಿ.”

ಮುತ್ಯಾಲಮ್ಮ “ಅಯ್ಯೋ ಬೇಡ್ರೇ” ಎಂದು ಎದೆ ಬಡಿದುಕೊಂಡಳು. ದೀಪ ಆರಿಸಿ ಇಟ್ಟ ಆಣೆ ಸತ್ಯದವರ ಮನೆಯನ್ನೂ ಒಂದು ಸಲ ಅಲ್ಲಾಡಿಸದೆ ಬಿಡುವುದಿಲ್ಲ ಎಂದು ಅವಳ ನಂಬಿಕೆ. ಅಕ್ಕಯಮ್ಮ ಸೆರಗು ಬಿಗಿದು, “ತತ್ತಾ ದೀಪಾನ” ಎಂದಳು. ಗಂಗಲಕ್ಷ್ಮಮ್ಮ ದೇವರ ಗೂಡಿನಿಂದ ದೀಪ ತಂದೇಬಿಟ್ಟಳು.

ಆಗ ವಾಡೆಯ ಪಕ್ಕದಿಂದ ಗೋಪಾಲಪ್ಪ ಎದ್ದ.

“ಅಮ್ಮ, ಇಡು ಅದನ್ನ. ಅತ್ತೆ ಏನೂ ಹಾಕಿಲ್ಲ.”

“ನೀನು ಮಲಕ್ಕೋಪ್ಪ. ಆ ಮದ್ದೇ ನಿನ್ ಕೈಲಿ ಹಂಗೆ ಆಡಿಸ್ತಾ ಐತೆ.”

ತಾನು ಏನು ಹೇಳಿದರೂ ಮದ್ದಿನ ಮಾತಾಗುವುದೆಂದು ಗೋಪಾಲಪ್ಪನಿಗೆ ಅರ್ಥವಾಯಿತು. ಉಳಿದದ್ದು ಒಂದೇ ಮಾತು, ಯಾರ ಮುಂದೆಯೂ ಆಡಬಾರದೆಂದು ಅತ್ತೆಯಿಂದ ಭಾಷೆ ತೆಗೆದುಕೊಂಡಿದ್ದ ಮಾತು.

“ನಾನು ರೈಲು ಕಂಬಿ ಹತ್ರ ಹೋಗಿ ನಿಂತಿದ್ದೆ ಅಮ್ಮ. ಸಾಯೋಣ ಅಂತ. ಅತ್ತೆ ಹಾಲಿನ ಕ್ಯಾನು ಎಸೆದು ಓಡಿ ಬಂದು ನನ್ನ ಎಳ್ಕೊಂಡ್ಳು. ಅವತ್ತಿಂದ ತಿಂಗಳಾನುಗಟ್ಲೆ ನನ್ನ ಒಬ್ಬನ್ನೇ ಬಿಡ್ಲಿಲ್ಲ. ಕಾಲೇಜಿನ ಗೇಟ್ ತಂಕ ಬಂದು ಬಿಟ್ಟು, ಸಂಜೆ ಅಲ್ಲೇ ನಿಂತಿರ್ತಿದ್ಲು. ಊರಿಗೆ ಹೋಗು, ಅಮ್ಮನ ಹತ್ರ ಇರು ಅಂತ ಅವಳೇ ಕಳಿಸಿದ್ದು.”

ಅಪ್ಪಯ್ಯಣ್ಣ ಮೊದಲು ಮಾಡಿದ ಕೆಲಸವೆಂದರೆ ಹೋಗಿ ಬೀದಿ ಬಾಗಿಲು ಮುಚ್ಚಿ ಅಗಣಿ ಹಾಕಿದ್ದು.

“ಯಾಕೋ ಮಗ?” ಎಂದಳು ಗಂಗಲಕ್ಷ್ಮಮ್ಮ. ದೀಪ ಇನ್ನೂ ಅವಳ ಕೈಯಲ್ಲಿತ್ತು. “ಯಾರು ಏನ್ಮಾಡಿದ್ರು ನಿಂಗೆ?”

“ಯಾರೂ ಏನೂ ಮಾಡಿಲ್ಲಮ್ಮ. ಕ್ಲಾಸಲ್ಲಿ ಕೂತ್ರೆ ಎದೆ ಹೊಡ್ಕೊಳ್ಳುತ್ತೆ. ಇಂಗ್ಲಿಷಲ್ಲಿ ಅವರು ಹೇಳಾದು ತಲೆಗೆ ಹೋಗಲ್ಲ. ನೀವೆಲ್ಲ ಕಾಯ್ತಾ ಇದ್ದೀರ ಅನ್ನಿಸಿದ್ರೆ ನಿದ್ದೆ ಬರಲ್ಲ. ಆಮೇಲಾಮೇಲೆ ಏನೂ ಬೇಡ ಅನ್ನಿಸ್ಬಿಡ್ತು. ಅಷ್ಟೇ. ಇನ್ನೂ ಹಂಗೇ ಐತೆ.”

ಗಂಗಲಕ್ಷ್ಮಮ್ಮ ದೀಪವನ್ನು ನೆಲದ ಮೇಲಿಟ್ಟು ಅದರ ಪಕ್ಕದಲ್ಲೇ ಕುಸಿದಳು.

“ಯಾರೂ ಏನೂ ಮಾಡಿಲ್ಲ ಅಂದ್ರೆ ನಾನು ಯಾರನ್ನ ಬೈಲಿ? ಯಾರ ಹತ್ರ ಕರ್ಕೊಂಡೋಗಿ ಬಿಡಿಸ್ಲಿ ನಿನ್ನ?”

ಅವಳ ಅಳು ಕೇಳಿ ಮುತ್ಯಾಲಮ್ಮನೂ ಅತ್ತಳು. ಅಕ್ಕಯಮ್ಮ ಅಳಲಿಲ್ಲ. ಅವಳ ಕೋಪ ಇಳಿದಿರಲಿಲ್ಲ, ಇಳಿಯಬೇಕಾಗಿಯೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗಂಗಲಕ್ಷ್ಮಮ್ಮ ಮುಖ ಒರೆಸಿಕೊಂಡು, ಅತ್ತಿಗೆಯ ಕಡೆ ನೋಡದೆ ಕೇಳಿದಳು.

“ಅಲ್ಲಿ ಹಿಂಗೆ ಮಲಗಿದ್ದಾಗ ನೀವೇನು ಮಾಡ್ತಿದ್ರಿ ಅತ್ತಿಗೆ?”

“ಏನ್ ಮಾಡ್ಲಿ? ಪಕ್ಕದಲ್ಲಿ ಕೂತಿರ್ತಿದ್ದೆ. ಏನಾಯ್ತು ಏನಾಯ್ತು ಅಂತ ಕೇಳೋದು ಬಿಟ್ಟೆ. ಎಮ್ಮೆ ಮೈ ತೊಳೆಯೋಕೆ ಬಾ ಅಂತಿದ್ದೆ. ಒಂದಿನ ಬರೋನು, ಒಂದಿನ ಬರ್ತಿರ್ಲಿಲ್ಲ. ಬರ್ದಿದ್ರೆ ಬೈತಿರ್ಲಿಲ್ಲ.”

“ವಾಸಿ ಆಯ್ತಾ ಅದ್ರಿಂದ?”

“ನೋಡ್ತಾ ಇದ್ದೀಯಲ್ಲ. ಪೂರ್ತಿ ಆಗಿಲ್ಲ. ಬದುಕವ್ನೆ.”

ಗಂಗಲಕ್ಷ್ಮಮ್ಮ ಎದ್ದು ಒಳಗೆ ಹೋಗಿ ತಟ್ಟೆ ಇಟ್ಟಳು. “ಉಂಡ್ಕೊಂಡು ಹೋಗಿ” ಎಂದಳು. ತಪ್ಪಾಯ್ತು ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ.

“ಇವತ್ತು ಬೇಡ ಕಣವ್ವ. ಗಂಟಲಲ್ಲಿ ಇಳಿಯಲ್ಲ,” ಎಂದಳು ಅಕ್ಕಯಮ್ಮ. “ಮಗಳೊಬ್ಬಳೇ ಅವಳೆ. ಸಂಜೆ ರೈಲಿಗೆ ಹೋಗ್ತೀನಿ.” ಯಾರೂ ಮುಟ್ಟದ ಬಾಳೆಯ ಚಿಪ್ಪನ್ನು ಮತ್ತೆ ಕಂಕುಳಿಗೆ ಎತ್ತಿಕೊಂಡಳು.

ಅಪ್ಪಯ್ಯಣ್ಣ ತಾನೇ ಗಾಡಿ ಕಟ್ಟಿದ. “ಸ್ಟೇಷನ್ ತಂಕ ಬರ್ತೀಯೇನ್ಲಾ?” ಎಂದು ಅಕ್ಕಯಮ್ಮ ಕೇಳಿದಾಗ ಗೋಪಾಲಪ್ಪ ಬಂದು ಗಾಡಿಯ ಹಿಂಬದಿಯಲ್ಲಿ, ಹುಲ್ಲಿನ ಮರೆಗೆ ಕೂತ. ಅವನು ಹಟ್ಟಿಯ ಆಚೆ ಕಾಲಿಟ್ಟು ತಿಂಗಳುಗಳೇ ಆಗಿದ್ದವು.

ಅರಳಿಕಟ್ಟೆಯ ಹತ್ತಿರ ಹೆಂಗಸರು ನೀರು ಹೊತ್ತು ಬರುತ್ತಿದ್ದರು. ಕಟ್ಟೆಯ ಮೇಲೆ ಮುನಿರಾಮಯ್ಯ ಇನ್ನಿಬ್ಬರೊಂದಿಗೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಪುಟ್ಟ ಹೆಣ್ಣು ಮಗುವೊಂದು ಗಾಡಿಯ ಜೊತೆ ಓಡುತ್ತ ಹಣ್ಣಿನ ಮೇಲೆ ಕಣ್ಣಿಟ್ಟಿತ್ತು. ಅಕ್ಕಯಮ್ಮ ಒಂದು ಹಣ್ಣು ಮುರಿದು ಕೊಟ್ಟಳು. ಮಗುವಿನ ತಾಯಿ ಕೊಡ ಇಳಿಸಿದವಳೇ ಓಡಿಬಂದು, ಮಗುವಿನ ಕೈಯಿಂದ ಹಣ್ಣು ಕಿತ್ತು ಚರಂಡಿಗೆ ಎಸೆದು, ಅದರ ಬೆನ್ನಿಗೊಂದು ಬಿಟ್ಟಳು.

“ಯಾರು ಕೊಟ್ರೂ ತಿಂತೀಯೇನೇ?”

ಮಗು ಅಳತೊಡಗಿತು. ಅಕ್ಕಯಮ್ಮ ಸೆರಗಿನಿಂದ ಉಳಿದ ಹಣ್ಣು ಮುಚ್ಚಿದಳು.

ಅಪ್ಪಯ್ಯಣ್ಣ ಗಾಡಿ ನಿಲ್ಲಿಸಿದ. ಅವನು ನಿಲ್ಲಿಸದೆ ಹೋಗಬಹುದಿತ್ತು. ಹೋಗಬೇಕು ಎಂದೇ ಅವನ ಮನಸ್ಸು ಹೇಳುತ್ತಿತ್ತು. ಕೆಳಗಿಳಿದು, ಅಕ್ಕನ ಸೆರಗು ಸರಿಸಿ, ಒಂದು ಹಣ್ಣು ಕಿತ್ತುಕೊಂಡು, ಸಿಪ್ಪೆ ಸುಲಿದು ಎಲ್ಲರೆದುರು ತಿಂದ.

“ನಮ್ಮಕ್ಕ ಯಾರಿಗೂ ಮದ್ದು ಹಾಕಿಲ್ಲ. ನನ್ ಮಗನ ಜೀವ ಉಳಿಸವ್ಳೆ,” ಎಂದ. “ಗೋಪಾಲನಿಗೆ ಆಗಿರೋದು ಮದ್ದಲ್ಲ. ಮನಸ್ಸಿಗೆ ಹುಷಾರಿಲ್ಲ.”

ಹೆಂಗಸರು ನಿಂತಲ್ಲೇ ನಿಂತರು. ಮುನಿರಾಮಯ್ಯ ಬಾಯಲ್ಲಿದ್ದುದನ್ನು ಉಗಿದು ಕೇಳಿದ:

“ಹಂಗಾದ್ರೆ ಯಾರು ಮಾಡಿದ್ದಪ್ಪಾ ಇದನ್ನ?”

“ಯಾರೂ ಮಾಡಿಲ್ಲ.”

“ಯಾರೂ ಮಾಡ್ದೆ ಅದೆಂಗೆ ಬರುತ್ತೆ ಅಪ್ಪಯ್ಯಣ್ಣ?”

“ಗೊತ್ತಿಲ್ಲ.”

ಆ ಊರಿನ ಮುಂದೆ ಅಪ್ಪಯ್ಯಣ್ಣ ಗೊತ್ತಿಲ್ಲ ಎಂದದ್ದು ಅದೇ ಮೊದಲು. ಮುನಿರಾಮಯ್ಯ ವಸ್ತ್ರ ಕೊಡವಿಕೊಂಡು, ನೆಲಮಂಗಲದ ಸಂಬಂಧದ ಮಾತೆತ್ತದೆ ಮನೆಯ ಕಡೆ ನಡೆದ.

ಅಪ್ಪಯ್ಯಣ್ಣ ಗಾಡಿ ಹತ್ತಿ ಹಗ್ಗ ಹಿಡಿದ. ಆದರೆ ಎತ್ತುಗಳನ್ನು ಹೊಡೆಯಲಿಲ್ಲ.

“ಹೊಡಿಯೋ, ರೈಲು ಹೋಗ್ಬಿಡುತ್ತೆ,” ಎಂದಳು ಅಕ್ಕಯಮ್ಮ.

“ತಡಿಯಕ್ಕ,” ಎಂದು ಅವನು ಹಿಂದೆ ತಿರುಗಿದ. “ಗೋಪಾಲ, ಅಲ್ಲಿ ಹುಲ್ಲಲ್ಲಿ ಯಾಕೆ ಕೂತಿದ್ದೀಯಪ್ಪಾ? ಮುಂದಕ್ಕೆ ಬಾ.”

ಗೋಪಾಲಪ್ಪ ಎದ್ದ. ಕಟ್ಟೆಯವರು, ಕೊಡ ಹೊತ್ತ ಹೆಂಗಸರು ನೋಡುತ್ತಿದ್ದಂತೆಯೇ ಅತ್ತೆಯನ್ನು ದಾಟಿ ಬಂದು ಅಪ್ಪನ ಪಕ್ಕದಲ್ಲಿ ಕೂತ.